ಉಜ್ಜುವವರ ಮನೆಯ ಕಾರು

ಕಾರಿನ ಬಣ್ಣಕ್ಕೆ ಶತ್ರುಗಳು ಯಾರ್‍ಯಾರು ಅಂತ ನಮ್ಮನೆಯವರನ್ನು ಕೇಳಿ ನೋಡಿ. ಕಾಗೆ, ಪಾರಿವಾಳ, ಮನೆಮುಂದಿನ ಹೊಂಗೆ ಮರ, ಬೋರ್‌ವೆಲ್ ನೀರು, ಎದುರು ಸೈಟಿನ ಸಿಮೆಂಟು ಧೂಳು, ಬಾನೆಟ್ ಬೆಚ್ಚಗಿದೆಯೆಂದು ಬಂದು ಮಲಗುವ ಬೀದಿ ಬೆಕ್ಕು, ಕಾರಿಗೆ ಒರಗಿ ನಿಂತು ಫೋನಿನಲ್ಲಿ ಮಾತಾಡುವ ಡೆಲಿವರಿ ಹುಡುಗರು. ಪಟ್ಟಿಯಲ್ಲಿ ಒಂದೇ ಒಂದು ಹೆಸರು ಬಿಟ್ಟುಹೋಗಿದೆ. ಅದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿದರೆ ರಾತ್ರಿ ಊಟ ನಿಶ್ಶಬ್ದವಾಗಿ ನಡೆಯುತ್ತದೆ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಕೈಯಲ್ಲಿ ಬಟ್ಟೆ ಹಿಡಿದು ಕಾರಿಗೆ ಪ್ರದಕ್ಷಿಣೆ ಹಾಕುವ ಅದರ ಯಜಮಾನರದೇ ಆ ಹೆಸರು.

ಇದು ಸವತಿ ಮತ್ಸರವಲ್ಲ, ಲೆಕ್ಕದ ಮಾತು. ಈಗಿನ ಕಾರುಗಳ ಮೈಮೇಲೆ ಮೊದಲು ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಬಣ್ಣವಿಲ್ಲದ ಪದರ ಇರುತ್ತದೆ. ಹೊಳೆಯುವುದು ಈ ಮೇಲಿನದೇ. ಇದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ಇರುತ್ತದೆ. ಹತ್ತಾರು ಲಕ್ಷದ ಕಾರಿನ ಮಾನವೆಲ್ಲ ಕೂದಲಿಗಿಂತ ತೆಳುವಾದ ಪೊರೆಯ ಮೇಲೆ ನಿಂತಿದೆ ಎಂದಾಯಿತು. ಧೂಳು ಪಾಪ, ಬಂದು ಕೂರುತ್ತದೆ ಅಷ್ಟೆ. ಸುಮ್ಮನೆ ಕೂತ ಧೂಳಿನಿಂದ ಯಾವ ಕಾರಿಗೂ ಗೀರು ಬಿದ್ದಿಲ್ಲ. ಸಿಗ್ನಲ್ಲಿನಲ್ಲಿ ಮಾರುವ ಹಳದಿ ಬಟ್ಟೆ ತೆಗೆದುಕೊಂಡು ಒಣಗಿದ ಮೈಯನ್ನು ಪ್ರೀತಿಯಿಂದ ಒರೆಸಿದಾಗಲೇ ಧೂಳಿನೊಳಗಿನ ಮರಳು ಕೆಲಸ ಶುರುಮಾಡುವುದು. ಇನ್ನು ಬೆಳಗ್ಗೆ ಐದೂವರೆಗೆ ಒಂದೇ ಬಕೆಟ್ ನೀರಿನಲ್ಲಿ ಇಡೀ ಬೀದಿಯ ಕಾರುಗಳನ್ನು ಒರೆಸಿ ಮುಗಿಸುವ ಹುಡುಗನ ಬಟ್ಟೆಯಲ್ಲಿ ಲೇಔಟಿನ ಅಷ್ಟೂ ಮಣ್ಣು ಸಮಾನವಾಗಿ ಹಂಚಿಕೆಯಾಗುತ್ತದೆ. ನಮ್ಮವರು ಆ ಹುಡುಗನನ್ನು ಬಿಡಿಸಿ, ಕೆಲಸವನ್ನು ತಾವೇ ವಹಿಸಿಕೊಂಡರು. ಮನೆಗೆ ಶನಿ ಹೊಕ್ಕಿದ್ದು ಅವತ್ತೇ.

ಒಂದು ರಾತ್ರಿ ಮೊಬೈಲ್ ಟಾರ್ಚ್ ಹಾಕಿಕೊಂಡು ಬಾನೆಟ್ಟಿಗೆ ಮುಖ ತಾಗಿಸಿ ನಿಂತಿದ್ದರು. ಬೀದಿಯ ವಾಚ್‌ಮನ್ ಪೆಟ್ರೋಲ್ ಕಳ್ಳ ಎಂದುಕೊಂಡು ಸೀಟಿ ಊದಿದ. ಇವರು ನೋಡುತ್ತಿದ್ದದ್ದು ಸ್ವರ್ಲ್ ಮಾರ್ಕುಗಳನ್ನು. ಒರೆಸಿ ಒರೆಸಿ ಬಿದ್ದ ಸಣ್ಣ ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವಂತೆ. ಬೆಳಕಿಗೆ ಅಡ್ಡ ಬಿದ್ದವು ಮಾತ್ರ ಮಿನುಗುವುದರಿಂದ ಟಾರ್ಚಿನ ಸುತ್ತ ಉಂಗುರ ಉಂಗುರವಾಗಿ ಕಾಣುತ್ತವೆ. ಹಗಲಿನಲ್ಲಿ ಕಾಣದ ಕಾಯಿಲೆಯನ್ನು ರಾತ್ರಿ ಟಾರ್ಚ್ ಬಿಟ್ಟು ಹುಡುಕಬೇಕೇ ಎಂದು ನಾನು ಕೇಳಿದೆ. ಉತ್ತರ ಬರಲಿಲ್ಲ, ಪಾರ್ಸೆಲ್ಲುಗಳು ಬರತೊಡಗಿದವು.

ಈಗ ಭಾನುವಾರ ಹೀಗಿರುತ್ತದೆ. ಎರಡು ಬಕೆಟ್, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಕೈಗೆ ಮೈಕ್ರೋಫೈಬರ್ ಗವಸು. ಮೇಲಿನಿಂದ ಕೆಳಕ್ಕೆ ಒಂದು ಭಾಗ ಉಜ್ಜಬೇಕು, ಬರೀ ನೀರಿನಲ್ಲಿ ಅದ್ದಿ ಮಣ್ಣು ಬಿಡಿಸಬೇಕು, ಆಮೇಲೆ ಶಾಂಪೂವಿಗೆ ಕೈ ಹಾಕಬೇಕು. ಪಾತ್ರೆ ತೊಳೆಯುವ ಸೋಪು ಕೂಡದು, ಹಚ್ಚಿದ ವ್ಯಾಕ್ಸನ್ನು ಅದು ಎತ್ತಿಕೊಂಡು ಹೋಗುತ್ತದೆ. ಬಿಸಿಲಿನಲ್ಲಿ ಕೂಡದು. ನೀರು ತಾನಾಗಿ ಒಣಗಲೂ ಕೂಡದು, ನಮ್ಮ ಬೋರ್‌ವೆಲ್ಲಿನ ಗಡಸು ನೀರು ಒಣಗಿದ ಕಡೆಯೆಲ್ಲ ಬಿಳಿ ಸುಣ್ಣದ ಕಲೆ ಬಿಡುತ್ತದೆ. ನಮ್ಮತ್ತೆ ಮಡಿಯಲ್ಲಿ ಅಡಿಗೆ ಮಾಡುತ್ತಿದ್ದ ಕಾಲದಲ್ಲೂ ಇಷ್ಟು ಕೂಡದುಗಳನ್ನು ನಾನು ಕೇಳಿರಲಿಲ್ಲ.

ತೊಳೆದದ್ದು ನಿಜವಾಗಿ ಸ್ವಚ್ಛವಾಯಿತೇ ಎನ್ನಲು ಒಂದು ಪರೀಕ್ಷೆ ಇದೆ. ಕೊತ್ತಂಬರಿ ಸೊಪ್ಪು ಹಾಕಿಕೊಡುತ್ತಾರಲ್ಲ, ಅಂಥ ತೆಳ್ಳನೆಯ ಕವರಿನೊಳಗೆ ಬೆರಳು ತೂರಿಸಿ ಬಣ್ಣದ ಮೇಲೆ ಮೆಲ್ಲಗೆ ಸವರಬೇಕು. “ನೋಡೇ, ನೀನೇ ಮುಟ್ಟಿ ನೋಡೇ” ಎಂದು ಒಮ್ಮೆ ನನ್ನ ಕೈಗೂ ಕವರ್ ತೊಡಿಸಿದರು. ಬರಿಗೈಗೆ ಗಾಜಿನಷ್ಟು ನುಣ್ಣಗಿದ್ದ ಬಾಗಿಲು ಕವರಿನೊಳಗಿಂದ ಗರಗರ ಎಂದಿತು. ಮೈಯೆಲ್ಲ ಸಣ್ಣ ಸಣ್ಣ ಮುಳ್ಳು. ಬ್ರೇಕಿನಿಂದ ಹಾರುವ ಕಬ್ಬಿಣದ ಪುಡಿ, ಟಾರಿನ ಹನಿ, ಮರದ ಅಂಟು ಎಲ್ಲ ಬಣ್ಣಕ್ಕೆ ಕಚ್ಚಿಕೊಂಡಿರುತ್ತವೆ. ಇದಕ್ಕೆ ಕ್ಲೇ ಬಾರ್ ಎಂಬ ಅಂಟುಮಣ್ಣಿನ ಬಿಲ್ಲೆ ಬೇಕು. ನೀರು ಚಿಮುಕಿಸಿ, ಆ ಬಿಲ್ಲೆಯನ್ನು ಜಾರಿಸುತ್ತ ಹೋದರೆ ಅದು ಕಸವನ್ನೆಲ್ಲ ಎಳೆದುಕೊಳ್ಳುತ್ತದೆ. ಒಂದು ಮಗ್ಗುಲು ಕಪ್ಪಾದ ಮೇಲೆ ಚಪಾತಿ ಹಿಟ್ಟಿನ ಹಾಗೆ ಮಡಿಸಿ ನಾದಿ ಹೊಸ ಮುಖ ಮಾಡಿಕೊಳ್ಳಬೇಕು. ಅಡಿಗೆಮನೆಯಲ್ಲಿ ಹಿಟ್ಟಿನ ಪಾತ್ರೆ ಎಲ್ಲಿದೆಯೆಂದು ಗೊತ್ತಿಲ್ಲದ ಮನುಷ್ಯ ಅದನ್ನು ನಾದುವ ಚಂದ ನೋಡಬೇಕು ನೀವು.

ಆಮೇಲೆ ಪಾಲಿಷ್. ನಾನು ತಿಳಿದದ್ದೇನೆಂದರೆ, ಪಾಲಿಷ್ ಏನನ್ನೂ ಹಚ್ಚುವುದಿಲ್ಲ, ಕೆರೆದು ತೆಗೆಯುತ್ತದೆ. ಅದರಲ್ಲಿರುವ ಅಲ್ಯೂಮಿನಾ ಪುಡಿ ಗೀರಿನ ಆಳದವರೆಗೂ ಸುತ್ತಲ ಕ್ಲಿಯರ್ ಕೋಟನ್ನೇ ಸವೆಸಿ ಮಟ್ಟ ಮಾಡುತ್ತದೆ. ಮಾವನವರ ಫಿಯಟ್ಟಿಗೆ ಈ ಮುಚ್ಚುಮರೆ ಇರಲಿಲ್ಲ. ಆ ಕಾಲದ ಬಣ್ಣದ ಮೇಲೆ ಕ್ಲಿಯರ್ ಕೋಟ್ ಇಲ್ಲದ್ದರಿಂದ, ಪಾಲಿಷ್ ಮಾಡಿದ ಬನಿಯನ್ ಬಟ್ಟೆಗೆ ಕಾರಿನ ಆಕಾಶನೀಲಿಯೇ ಮೆತ್ತಿಕೊಳ್ಳುತ್ತಿತ್ತು. ಕಾರು ಎಷ್ಟು ಖರ್ಚಾಯಿತು ಎಂದು ಬಟ್ಟೆ ನೋಡಿದರೆ ತಿಳಿಯುತ್ತಿತ್ತು. ಈಗ ಸವೆದದ್ದು ಕಣ್ಣಿಗೆ ಕಾಣದು, ಹೊಳಪಷ್ಟೇ ಕಾಣುತ್ತದೆ. ಹಾಗಾಗಿ ಇವರ ಕೈ ನಿಲ್ಲುವುದೂ ಇಲ್ಲ.

ಹಚ್ಚುವುದು ಅಂದರೆ ವ್ಯಾಕ್ಸ್ ಒಂದೇ. ಅದರಲ್ಲಿ ಶ್ರೇಷ್ಠವಾದದ್ದು ಕಾರ್ನೂಬಾ, ಈಶಾನ್ಯ ಬ್ರೆಜಿಲ್ಲಿನ ಒಂದು ಜಾತಿಯ ತಾಳೆಯ ಎಲೆಯ ಮೇಲಿನ ಮೇಣ. ಕರಗಬೇಕಾದರೆ 80 ಡಿಗ್ರಿ ದಾಟಬೇಕು, ಅಷ್ಟು ಗಟ್ಟಿ. ಮಕ್ಕಳು ತಿನ್ನುವ ಬಣ್ಣದ ಮಿಠಾಯಿಗೂ, ನಾವು ನುಂಗುವ ಮಾತ್ರೆಗೂ ಇದನ್ನೇ ತೆಳ್ಳಗೆ ಲೇಪಿಸುತ್ತಾರೆ. ಅಂಗೈಯಗಲದ ಡಬ್ಬಿಯ ಬೆಲೆ ಕೇಳಿದ ಮೇಲೆ, ಮಿಠಾಯಿಯನ್ನೇ ತಂದು ಉಜ್ಜಬಾರದಿತ್ತೇ ಎಂದೆ. ವ್ಯಾಕ್ಸ್ ಮುಗಿದ ಮೇಲೆ ಒಂದು ಚೊಂಬು ನೀರು ಸುರಿದು, ಅದು ಮುತ್ತು ಮುತ್ತಾಗಿ ಉರುಳುವುದನ್ನು ತೋರಿಸಲು ಇಡೀ ಮನೆಯನ್ನು ಹೊರಗೆ ಕರೆಯುತ್ತಾರೆ. ನೀರು ಕೆಳಗೆ ಬೀಳುತ್ತದೆ. ನಾವು ಚಪ್ಪಾಳೆ ತಟ್ಟಿ ಒಳಗೆ ಹೋಗುತ್ತೇವೆ.

2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿಲ್ಲದಾಗಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಇವರೇನು ಕಡಿಮೆಯೇ? ನೀರೇ ಬೇಡದ ಸ್ಪ್ರೇ ತರಿಸಿ, ಮೈಕ್ರೋಫೈಬರಿನಲ್ಲಿ ಎತ್ತಿ ಎತ್ತಿ ಒರೆಸಿ, ಥಳಥಳ ಮಾಡಿ ನಿಲ್ಲಿಸಿದರು. ಸಂಜೆಯೊಳಗೆ ಬೀದಿಯಲ್ಲಿ ಗುಸುಗುಸು ಎದ್ದಿತು. ನಾವು ಟ್ಯಾಂಕರಿಗೆ ಕಾಯುತ್ತಾ ಕೂತಿದ್ದರೆ ಇವರ ಮನೆಯ ಕಾರು ಹೇಗೆ ಹೊಳೆಯುತ್ತದೆ? ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೇಟಿನ ಹತ್ತಿರ ನಿಂತು, “ನಿಮ್ಮ ಸಂಪಿನಲ್ಲಿ ನೀರು ಚೆನ್ನಾಗಿದೆ ಅಂತ ಕಾಣ್ಸತ್ತೆ” ಎಂದರು. ಆ ಬೇಸಿಗೆಯಲ್ಲಿ ಧೂಳು ಹಿಡಿದ ಕಾರೇ ಮರ್ಯಾದಸ್ಥರ ಲಕ್ಷಣ. ನಮ್ಮವರು ಕಾರನ್ನು ಕೊಳೆಯಾಗಿಯೇ ಬಿಟ್ಟು, ಕಿಟಕಿಯ ಪರದೆ ಸರಿಸಿ ಅದನ್ನು ನೋಡುತ್ತಾ ನಿಟ್ಟುಸಿರಿಡುತ್ತಿದ್ದರು. ಮಗಳು ಮದುವೆಯಾಗಿ ಹೊರಟ ದಿನವೂ ಅವರ ಮುಖ ಹಾಗಿರಲಿಲ್ಲ.

ಇವರಿಗೆ ಸರಿಸಾಟಿ ಅಂದರೆ ಇವರ ಅಮ್ಮ. ಕಾಗೆ ಹಿಕ್ಕೆಯ ಆಮ್ಲ ಬಿಸಿಲಿಗೆ ಕ್ಲಿಯರ್ ಕೋಟನ್ನು ತಿಂದು ಅಚ್ಚೊತ್ತುತ್ತದೆ ಎಂದು ಇವರು ಒದ್ದೆಬಟ್ಟೆ ಹಿಡಿದು ಓಡಿದರೆ, ಪಿತೃಪಕ್ಷದಲ್ಲಿ ಅತ್ತೆ ತಡೆಯುತ್ತಾರೆ: “ಕಾಗೇನ ಬೈಬೇಡ್ವೋ, ನಿಮ್ಮಪ್ಪನೇ ಬಂದು ಹೋಗಿರಬಹುದು.” ತಮ್ಮ ಫಿಯಟ್ಟಿಗೆ ಕೊಡದ ಶಿಕ್ಷೆಯನ್ನು ಮಾವನವರು ಮಗನ ಕಾರಿಗೇಕೆ ಕೊಟ್ಟರೋ. ಆಯುಧಪೂಜೆಯ ದಿನವಂತೂ ಕುರುಕ್ಷೇತ್ರ. ನಮ್ಮದು ಬಿಳಿ ಕಾರು. ಅತ್ತೆ ಅರಿಶಿನವನ್ನು ನೀರಿನಲ್ಲಿ ಕಲಸಿಕೊಂಡು, ವಿಭೂತಿ ಗಟ್ಟಿ, ಕುಂಕುಮದ ಬಟ್ಟಲು ಸಮೇತ ಬರುವುದನ್ನು ಕಂಡು ಇವರು ಬಾನೆಟ್ಟಿಗೆ ಅಡ್ಡ ನಿಂತರು.

“ಅಮ್ಮಾ, ಬಣ್ಣದ ಮೇಲೆ ಬೇಡ. ಮುಂದಿನ ಗಾಜಿಗೆ ಇಡು, ತೊಳೆದ್ರೆ ಹೋಗತ್ತೆ.”

“ಗಾಜು ಅದರ ಕಣ್ಣಲ್ವೇನೋ? ಕಣ್ಣಿಗೆ ಕುಂಕುಮ ಎರಚ್ತಾರೇನೋ ಯಾರಾದ್ರೂ? ಹಣೆಗೆ ಇಡ್ಬೇಕು. ಸರಿ ಆಚೆ.”

ಸರಿದರು. ಹಣೆ ಸಿಂಗಾರವಾಯಿತು. ಬಾಳೆಕಂದನ್ನು ಬಂಪರಿಗೆ ಸೆಲೋಟೇಪಿನಲ್ಲಿ ಸುತ್ತಿದ್ದಾಯಿತು, ಚಕ್ರಗಳ ಕೆಳಗೆ ನಿಂಬೆಹಣ್ಣು ಪಚಕ್ಕೆಂದವು. ಕುಂಕುಮ ತುಂಬಿದ ಬೂದುಗುಂಬಳಕಾಯಿ ಒಡೆಯುವಾಗ ಕೆಂಪು ನೀರು ಎಡಬಾಗಿಲಿಗೆ ಉದ್ದಕ್ಕೂ ಸಿಡಿಯಿತು. ದೃಷ್ಟಿ ಹೋಯಿತು, ಅರಿಶಿನದ ಕಲೆ ಉಳಿಯಿತು. ಮರುದಿನ ವಿಜಯದಶಮಿ, ಮತ್ತೆ ಪಾಲಿಷ್.

ಈ ವರ್ಷ ಕಾರನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತರೋಣ ಎಂದು ಹೇಗೋ ಒಪ್ಪಿಸಿದೆ. ಬೆಲೆ ಕಟ್ಟಲು ಬಂದ ಹುಡುಗ ಸುತ್ತು ಹೊಡೆದ. ಇವರು ಎದೆಯುಬ್ಬಿಸಿ ನಿಂತಿದ್ದರು, ಹೊಗಳಿಕೆ ಇನ್ನೇನು ಬಂತು ಎಂಬಂತೆ. ಹುಡುಗ ದನಿ ತಗ್ಗಿಸಿ ಕೇಳಿದ:

“ಸಾರ್, ಇಷ್ಟು ಹಳೇ ಗಾಡಿ ಇಷ್ಟೊಂದು ಹೊಳೀತಿದೆ... ಆಕ್ಸಿಡೆಂಟ್ ಆಗಿ ಫುಲ್ ಪೇಂಟ್ ಮಾಡ್ಸಿದೀರಾ?”

ಇವರ ಬಾಯಿಂದ ಮಾತೇ ಹೊರಡಲಿಲ್ಲ. ಅವನು ಜೇಬಿನಿಂದ ಬಣ್ಣದ ದಪ್ಪ ಅಳೆಯುವ ಸಣ್ಣ ಮೀಟರ್ ತೆಗೆದು ಬಾಗಿಲಿಗೆ, ಡಿಕ್ಕಿಗೆ, ಬಾನೆಟ್ಟಿಗೆ ಒತ್ತಿದ. ಪುಟ್ಟಿ ಹಾಕಿ ಮತ್ತೆ ಪೇಂಟ್ ಮಾಡಿದ್ದರೆ ಸಂಖ್ಯೆ ನೂರಾರು ಮೈಕ್ರಾನ್ ಏರಬೇಕಂತೆ. ನಮ್ಮ ಬಾನೆಟ್ ನೂರನ್ನೂ ಮುಟ್ಟಲಿಲ್ಲ.

“ಇಲ್ಲ ಬಿಡಿ ಸಾರ್, ಕಂಪನಿ ಪೇಂಟೇ. ಉಜ್ಜಿ ಉಜ್ಜಿ ಸ್ವಲ್ಪ ತೆಳ್ಳಗಾಗಿದೆ, ಅಷ್ಟೆ.” ಹೊಳಪಿಗೆಂದು ಒಂದು ರೂಪಾಯಿಯನ್ನೂ ಸೇರಿಸದೆ ಬೆಲೆ ಬರೆದುಕೊಟ್ಟ.

ಕೊಡುವುದಿಲ್ಲ ಎಂದು ಇವರು ಕೀ ಕಿತ್ತುಕೊಂಡರು. ಆಮೇಲೆ ಅದೇ ಕಾರಿನಲ್ಲಿ ತರಕಾರಿಗೆ ಹೊರಟಾಗ ಓಡಿಸಿದ್ದು ನಾನು. ಇವರು ಪಕ್ಕದಲ್ಲಿ ಕೂತು, ಆ ಮೀಟರ್ ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ ಎಂದು ಮೊಬೈಲಿನಲ್ಲಿ ಹುಡುಕುತ್ತಿದ್ದರು.