ಕಬ್ಬಿಣದ ಕಣಕ್ಕೊಂದು ಬಹಿರಂಗ ಪತ್ರ

ಪ್ರಿಯ ಐರನ್ ಆಕ್ಸೈಡ್ ನ್ಯಾನೊಕಣವೇ,

ಎಂಆರ್‌ಐ ಚಿತ್ರ ಸ್ಪಷ್ಟವಾಗಿಸುವ ಮದ್ದಾಗಿ ನಿನಗೆ ಇಟ್ಟ ಹೆಸರುಗಳು ಒಂದೆರಡಲ್ಲ. ಅಮೆರಿಕದಲ್ಲಿ ಫೆರಿಡೆಕ್ಸ್, ಯುರೋಪಿನಲ್ಲಿ ಎಂಡೊರೆಮ್, ಆಮೇಲೆ ರೆಸೊವಿಸ್ಟ್, ಕಾಂಬಿಡೆಕ್ಸ್, ಸಿನೆರೆಮ್. ಇವುಗಳಲ್ಲಿ ಹೆಚ್ಚಿನವು ಇಂದು ಬಹುತೇಕ ರೇಡಿಯಾಲಜಿ ವಿಭಾಗಗಳ ಕಪಾಟಿನಲ್ಲಿ ಸಿಗುವುದಿಲ್ಲ. ನಿನ್ನ ಕಣ್ಣು ಮಂಜಾಗಿತ್ತು ಎಂಬುದೊಂದೇ ಕಾರಣಕ್ಕೆ ನಿನ್ನನ್ನು ಕಳಿಸಲಿಲ್ಲ. ಅದನ್ನು ನಾಲ್ಕು ಜನರೆದುರು ಹೇಳಬೇಕು ಎಂದೇ ಈ ಕಾಗದವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಿನ್ನ ಒಡಲು ಮ್ಯಾಗ್ನೆಟೈಟ್. 2005ರ ಕೊನೆಯವರೆಗೆ ಕುದುರೆಮುಖದ ಗುಡ್ಡಗಳನ್ನು ಅಗೆದು ಕೊಳವೆಯಲ್ಲಿ ಮಂಗಳೂರಿಗೆ ಹರಿಸಿದ ಅದಿರಿನಲ್ಲಿದ್ದದ್ದೂ ಇದೇ ಖನಿಜ. ಪ್ರಯೋಗಾಲಯದಲ್ಲಿ ಹುಟ್ಟಿದ ನಿನ್ನ ಹರಳಿನ ಅಗಲ ಮಾತ್ರ ಕೆಲವೇ ನ್ಯಾನೊಮೀಟರ್. ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ನ್ಯಾನೊಮೀಟರ್. ಸುತ್ತ ಡೆಕ್ಸ್‌ಟ್ರಾನ್ ಎಂಬ ಸಕ್ಕರೆಯ ಹೊದಿಕೆ. ರಕ್ತಕ್ಕೆ ಬಿಟ್ಟರೆ ಯಕೃತ್ತಿನ ಕಾವಲು ಕೋಶಗಳು ನಿನ್ನನ್ನು ಹೊರಗಿನದೆಂದು ನುಂಗುತ್ತವೆ. ನೀನು ಹೊಕ್ಕ ಜಾಗ ಎಂಆರ್‌ಐ ಚಿತ್ರದಲ್ಲಿ ಕಪ್ಪಾಗುತ್ತದೆ. ಗೆಡ್ಡೆ ಬೆಳೆದಲ್ಲಿ ಆ ಕಾವಲು ಕೋಶಗಳು ಇರುವುದಿಲ್ಲ, ಹಾಗಾಗಿ ಅದು ಬೆಳ್ಳಗೆ ಉಳಿದು ಎದ್ದು ಕಾಣುತ್ತದೆ. 1996ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಫೆರಿಡೆಕ್ಸ್‌ಗೆ ಒಪ್ಪಿಗೆ ಕೊಟ್ಟದ್ದು ಯಕೃತ್ತಿನ ಈ ಕೆಲಸಕ್ಕೆ.

ಆದರೆ ನಿನ್ನ ನಿಜವಾದ ಹೆಚ್ಚುಗಾರಿಕೆ ನನಗೆ ಕಾಣುವುದು ದುಗ್ಧಗ್ರಂಥಿಗಳಲ್ಲಿ, ಆಸ್ಪತ್ರೆಯ ಮಾತಿನ ಲಿಂಫ್ ನೋಡ್‌ಗಳಲ್ಲಿ. ಪ್ರಾಸ್ಟೇಟ್ ಕ್ಯಾನ್ಸರ್ ಅಲ್ಲಿಗೆ ಹರಡಿದೆಯೋ ಇಲ್ಲವೋ ಎಂಬುದರ ಮೇಲೆ ಮುಂದಿನ ಚಿಕಿತ್ಸೆಯೆಲ್ಲ ನಿಂತಿರುತ್ತದೆ. ಸಿಟಿಯಾಗಲಿ ಸಾಮಾನ್ಯ ಎಂಆರ್‌ಐ ಆಗಲಿ ಗ್ರಂಥಿಯ ಗಾತ್ರ ನೋಡಿ ತೀರ್ಮಾನ ಹೇಳುತ್ತವೆ: ದೊಡ್ಡದಾಗಿದ್ದರೆ ಅನುಮಾನ, ಚಿಕ್ಕದಾಗಿದ್ದರೆ ನಿಶ್ಚಿಂತೆ. ಚಿಕ್ಕ ಗ್ರಂಥಿಯೊಳಗೂ ಕ್ಯಾನ್ಸರ್ ಕೂತಿರಬಹುದು. ಸೋಂಕಿನಿಂದ ಊದಿಕೊಂಡ ದೊಡ್ಡ ಗ್ರಂಥಿಯಲ್ಲಿ ಅದು ಇಲ್ಲದಿರಲೂಬಹುದು. ನೀನು ಗಾತ್ರ ಕೇಳುವುದಿಲ್ಲ. ಚುಚ್ಚಿದ ಮರುದಿನದ ಹೊತ್ತಿಗೆ ಆರೋಗ್ಯವಂತ ಗ್ರಂಥಿಯ ಕೋಶಗಳು ನಿನ್ನನ್ನು ನುಂಗಿ ಕಪ್ಪಾಗಿರುತ್ತವೆ. ಕ್ಯಾನ್ಸರ್ ಹೊಕ್ಕ ಭಾಗ ಬೆಳ್ಳಗೇ ಇರುತ್ತದೆ.

2003ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಮುಕೇಶ್ ಹರಿಸಿಂಘಾನಿ, ಯೆಲ್ಲೆ ಬಾರೆಂಟ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವನ್ನು ಓದಿದಾಗ ಈಗಲೂ ಮೈ ನವಿರೇಳುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿನ 80 ರೋಗಿಗಳು. ಕ್ಯಾನ್ಸರ್ ಇದ್ದ ಗ್ರಂಥಿಗಳಲ್ಲಿ ಸಾಮಾನ್ಯ ಎಂಆರ್‌ಐ ಗುರುತಿಸಿದ್ದು ಶೇ 35.4ರಷ್ಟನ್ನು, ನೀನು ಜೊತೆಗಿದ್ದಾಗ ಶೇ 90.5ರಷ್ಟನ್ನು. ಗ್ರಂಥಿಗೆ ಕ್ಯಾನ್ಸರ್ ಹರಡಿದ್ದ ಒಬ್ಬ ರೋಗಿಯನ್ನೂ ನೀನು ತಪ್ಪಿಸಲಿಲ್ಲ. ಆ ಶೇಕಡಾವಾರುಗಳ ನಡುವಿನ ಅಂತರದಲ್ಲಿ ಎಷ್ಟು ಮಂದಿಯ ಚಿಕಿತ್ಸೆಯ ದಾರಿ ಬದಲಾಗುತ್ತದೆ ಎಂದು ಯೋಚಿಸಿ ನೋಡಬೇಕು.

ಆಮೇಲೆ ಆದದ್ದೇ ಬೇರೆ. 2005ರಲ್ಲಿ ಎಫ್‌ಡಿಎಯ ಸಲಹಾ ಸಮಿತಿ, ದುಗ್ಧಗ್ರಂಥಿ ನೋಡುವ ಆ ಮದ್ದಾದ ಕಾಂಬಿಡೆಕ್ಸ್‌ನ ಪರವಾಗಿ ನಿಲ್ಲಲಿಲ್ಲ. ಕಂಪನಿ ಎಲ್ಲ ಬಗೆಯ ಕ್ಯಾನ್ಸರಿಗೂ ಅನುಮತಿ ಕೇಳಿತ್ತು, ಸಾಕ್ಷ್ಯ ಅಷ್ಟಿರಲಿಲ್ಲ, ಅಲರ್ಜಿಯ ಭಯವೂ ಇತ್ತು. ಸಮಿತಿಯನ್ನು ನಾನು ದೂರುವುದಿಲ್ಲ, ಅಷ್ಟು ಎಚ್ಚರ ಬೇಕೇ ಬೇಕು. ನನ್ನ ಸಂಕಟ ಮುಂದಿನದ್ದು. ಸಾಕ್ಷ್ಯ ಸಾಲದು ಎಂದಮೇಲೆ ಸಾಕಾಗುವಷ್ಟು ಸಾಕ್ಷ್ಯ ಕಲೆಹಾಕುವ ಹೊಣೆಯನ್ನು ಆಗ ಯಾರೂ ಪೂರ್ತಿಯಾಗಿ ಹೊರಲಿಲ್ಲ. 2007ರ ಡಿಸೆಂಬರಿನಲ್ಲಿ ಯುರೋಪಿನ ಅರ್ಜಿಯನ್ನೂ ಅಲ್ಲಿನ ಕಂಪನಿ ವಾಪಸು ಪಡೆಯಿತು. 2008ರಲ್ಲಿ ಫೆರಿಡೆಕ್ಸ್ ನಿಂತಿತು, ಮರುವರ್ಷ ಯುರೋಪಿನಲ್ಲಿ ರೆಸೊವಿಸ್ಟ್. ಹಿಂದೆ ವ್ಯಾಪಾರದ ಲೆಕ್ಕವೂ ಇತ್ತು: ರೋಗಿಗೆ ಒಮ್ಮೆಯೋ ಎರಡು ಬಾರಿಯೋ ಚುಚ್ಚುವ ಮದ್ದು. ತಿಂಗಳು ತಿಂಗಳೂ ಕೊಳ್ಳುವ ಮಾತ್ರೆಯ ವ್ಯಾಪಾರ ಅದಕ್ಕಿಲ್ಲ.

ನೀನು ಹೋದ ಕಾಲದಲ್ಲೇ ಎಂಆರ್‌ಐಗೆ ಚುಚ್ಚುವ ನಿನ್ನ ಪ್ರತಿಸ್ಪರ್ಧಿ ಮದ್ದು ಗ್ಯಾಡೊಲಿನಿಯಮ್ ಕೂಡ ಕಷ್ಟಕ್ಕೆ ಸಿಕ್ಕಿತ್ತು. ಇಂದಿಗೂ ಎಂಆರ್‌ಐ ಕೋಣೆಯ ಹೊರಗೆ 'ಕಾಂಟ್ರಾಸ್ಟ್ ಹಾಕಬೇಕು, ಕ್ರಿಯಾಟಿನಿನ್ ರಿಪೋರ್ಟ್ ಇದೆಯಾ?' ಎಂದು ಕಿಡ್ನಿಯ ಪರೀಕ್ಷೆಯ ಫಲಿತಾಂಶ ಕೇಳುವುದರ ಹಿಂದಿನ ಕಥೆ ಅದು. ಕಿಡ್ನಿ ಕೈಕೊಟ್ಟವರಲ್ಲಿ ಚರ್ಮ ಗಟ್ಟಿಯಾಗಿ ಕೀಲುಗಳು ಮಡಚಲಾರದಂತೆ ಬಿಗಿದುಕೊಳ್ಳುವ ಕಾಯಿಲೆಗೂ ಗ್ಯಾಡೊಲಿನಿಯಮ್‌ಗೂ ನಂಟಿದೆ ಎಂದು 2006ರಲ್ಲಿ ಆಸ್ಟ್ರಿಯಾದ ವೈದ್ಯ ಥಾಮಸ್ ಗ್ರೋಬ್ನರ್ ತೋರಿಸಿದರು. ಪದೇ ಪದೇ ಪಡೆದವರ ಮಿದುಳಿನಲ್ಲಿ ಅದರ ಗುರುತು ಉಳಿಯುವುದು 2014ರಲ್ಲಿ ಜಪಾನಿನಿಂದ ವರದಿಯಾಯಿತು. 2017ರಲ್ಲಿ ಯುರೋಪು ಹಳೆಯ ಬಗೆಯ ಹಲವು ಗ್ಯಾಡೊಲಿನಿಯಮ್ ಮದ್ದುಗಳನ್ನು ತಡೆಹಿಡಿಯಿತು. ಈಗ ಬಳಸುವ ಹೊಸ ಬಗೆಯವು ಎಷ್ಟೋ ಸುರಕ್ಷಿತ, ಓದುವವರು ಹೆದರಿ ಸ್ಕ್ಯಾನ್ ಬಿಡಬಾರದು. ಆದರೂ ಕಿಡ್ನಿ ರೋಗಿಗಳಿಗೆ ಇನ್ನೊಂದು ದಾರಿ ಬೇಕಾಗಿದ್ದ ಹೊತ್ತಿನಲ್ಲಿ ನೀನು ಮೂಲೆಗೆ ಸೇರಿದ್ದೆ.

2009ರಲ್ಲಿ ನೀನು ಮರಳಿ ಬಂದೆ. ಫೆರುಮಾಕ್ಸಿಟಾಲ್ ಎಂಬ ಹೊಸ ಹೆಸರು, ಹೊಸ ಕೆಲಸ: ಕಿಡ್ನಿ ರೋಗಿಗಳ ರಕ್ತಹೀನತೆಗೆ ಕಬ್ಬಿಣದ ಇಂಜೆಕ್ಷನ್, ಒಂದು ಡೋಸಿಗೆ 510 ಮಿಲಿಗ್ರಾಂ. ಯಾರಿಗೆ ಚಿತ್ರ ತೆಗೆಯಲು ನೀನು ಬೇಕಾಗಿತ್ತೋ ಅವರ ರಕ್ತದೊಳಕ್ಕೇ, ಚಿತ್ರದ ಸುದ್ದಿಯಿಲ್ಲದೆ ಬಂದೆ. ಇಂಜೆಕ್ಷನ್ ಆದಮೇಲೆ ಮೂರು ತಿಂಗಳವರೆಗೆ ಎಂಆರ್‌ಐ ಚಿತ್ರಗಳು ಬದಲಾಗಬಹುದು ಎಂದು ಮದ್ದಿನ ಜೊತೆಯ ಕಾಗದದಲ್ಲಿ ಎಚ್ಚರಿಕೆ ಬರೆದರು. ನಿನ್ನ ಗುಣವೇ ಅಲ್ಲಿ ತೊಂದರೆಗಳ ಸಾಲಿಗೆ ಸೇರಿತು. 2015ರಲ್ಲಿ ಜೀವಕ್ಕೇ ಅಪಾಯವಾಗುವ ಅಲರ್ಜಿಯ ಬಗ್ಗೆ ಎಫ್‌ಡಿಎ ಅತಿ ಗಂಭೀರ ಎಚ್ಚರಿಕೆ ಕೊಟ್ಟಿತು. ಸರ್ರನೆ ಚುಚ್ಚದೆ ದ್ರಾವಣದಲ್ಲಿ ಬೆರೆಸಿ ಕನಿಷ್ಠ 15 ನಿಮಿಷ ನಿಧಾನವಾಗಿ ಹರಿಸಬೇಕೆಂದಿತು. ಅದನ್ನು ಮುಚ್ಚಿಟ್ಟು ನಿನ್ನನ್ನು ಹೊಗಳಲಾರೆ. ಆ ಎಚ್ಚರ ಪಾಲಿಸಿಯೇ ಕೆಲವು ವೈದ್ಯರು ನಿನ್ನನ್ನು ಮತ್ತೆ ಹಳೆಯ ಕೆಲಸಕ್ಕೆ ಹಚ್ಚಿದರು. ರಕ್ತದಲ್ಲಿ ನೀನು ಗಂಟೆಗಟ್ಟಲೆ ಉಳಿಯುವುದರಿಂದ, ಹುಟ್ಟಿನಿಂದಲೇ ಹೃದಯದ ದೋಷವಿರುವ ಮಕ್ಕಳ ರಕ್ತನಾಳಗಳನ್ನು ಸಾವಧಾನವಾಗಿ, ಎಕ್ಸ್‌ರೇ ವಿಕಿರಣವಿಲ್ಲದೆ ನೋಡಲು ಸಾಧ್ಯವಾಯಿತು. ನೆದರ್‌ಲ್ಯಾಂಡ್ಸ್‌ನ ನೈಮೇಗನ್‌ನಲ್ಲಿ ಬಾರೆಂಟ್ಸ್ ಕೈಬಿಡಲಿಲ್ಲ. ದುಗ್ಧಗ್ರಂಥಿಗಳನ್ನು ನೋಡುವ ಆ ಹಳೆಯ ಮದ್ದನ್ನೇ ಮತ್ತೆ ತಯಾರಿಸಿ ರೋಗಿಗಳಿಗೆ ಸಿಗುವಂತೆ ಮಾಡಿದರು. ಒಂದು ಕಂಪನಿ ಬಿಟ್ಟದ್ದನ್ನು ಒಂದು ವಿಶ್ವವಿದ್ಯಾಲಯದ ಆಸ್ಪತ್ರೆ ಎತ್ತಿಕೊಂಡಿತು.

ಪ್ರಾಸ್ಟೇಟ್ ಕ್ಯಾನ್ಸರನ್ನು ಹುಡುಕುವ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಬಂದಿದೆಯಲ್ಲ, ಇನ್ನು ಇದೇಕೆ ಎನ್ನುವವರಿದ್ದಾರೆ. ಅದು ಒಳ್ಳೆಯ ಪರೀಕ್ಷೆಯೇ. ಆದರೆ ಅದಕ್ಕೆ ವಿಕಿರಣಶೀಲ ಮದ್ದು ಬೇಕು, ಅದು ಗಂಟೆಗಳಲ್ಲಿ ಸವೆದುಹೋಗುತ್ತದೆ, ಪೆಟ್ ಯಂತ್ರಗಳಿರುವುದು ದೊಡ್ಡ ಊರುಗಳಲ್ಲಿ. ಎಂಆರ್‌ಐ ಯಂತ್ರಗಳು ಅದಕ್ಕಿಂತ ಹೆಚ್ಚು ಊರುಗಳನ್ನು ತಲುಪಿವೆ, ನಿನ್ನ ಶೀಶೆಯನ್ನು ಕಪಾಟಿನಲ್ಲಿಟ್ಟು ಕಾಯಬಹುದು.

ಹಾಗಾಗಿ ನಿನ್ನ ಪರವಾಗಿ ನನ್ನ ಬೇಡಿಕೆ ಸಂಶೋಧನೆಗೆ ಸಾರ್ವಜನಿಕ ಹಣ ಕೊಡುವವರಿಗೆ. ಪ್ರತಿ ವರ್ಷ ಹೊಸ ನ್ಯಾನೊಕಣಗಳ ಪ್ರಬಂಧಗಳು ರಾಶಿ ಬೀಳುತ್ತಿವೆ, ಅದಕ್ಕೆಲ್ಲ ಅನುದಾನವೂ ಸಿಗುತ್ತಿದೆ. ಆ ಹಣದ ಒಂದು ಪಾಲನ್ನು ಆಗಲೇ ಮನುಷ್ಯರಲ್ಲಿ ಕೆಲಸ ಮಾಡಿ ತೋರಿಸಿ, ಲಾಭ ಸಾಲದೆ ನಿಂತುಹೋದ ಕಣಗಳಿಗೆ ಇಡಲಿ. 2005ರಲ್ಲಿ ಸಾಲದೆ ಹೋದ ಸಾಕ್ಷ್ಯವನ್ನು ದೊಡ್ಡ ಪ್ರಯೋಗಗಳಲ್ಲಿ ಕಲೆಹಾಕಲಿ, ಅಲರ್ಜಿಯ ಲೆಕ್ಕವನ್ನೂ ಅದರಲ್ಲೇ ಬಿಚ್ಚಿಡಲಿ. ಫಲಿತಾಂಶ ನಿನ್ನ ವಿರುದ್ಧ ಬಂದರೆ ನಾನು ಒಪ್ಪಿಕೊಳ್ಳುತ್ತೇನೆ.

ಇತಿ,
ನಿನ್ನ ಹಿತೈಷಿ