ಆಕಿಗೆ ಪುಕ್ಕಟೆ, ನನಗೆ ಟಿಕೀಟು

ಮಕ್ಕಳು ಮನೆಯಲ್ಲಿದ್ದಷ್ಟು ದಿನ ನಮ್ಮ ಪ್ರವಾಸಗಳೆಲ್ಲ 'ಮುಂದಿನ ವರ್ಷ' ಎಂಬ ಊರಿಗೇ ನಿಗದಿಯಾಗಿದ್ದವು. ಎಸ್ಸೆಸ್ಸೆಲ್ಸಿ ಮುಗಿಯಲಿ, ಪಿಯುಸಿ ಮುಗಿಯಲಿ, ಸಿಇಟಿ ಮುಗಿಯಲಿ. ಮಗ ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ನಮಗಿಂತ ಹೆಚ್ಚು ತಿರುಗಾಡಿದ್ದು ನಮ್ಮ ಮನೆಯ ಬುತ್ತಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎಲ್ಲವೂ ಡ್ರೈವರನ ಬದಿಯಲ್ಲಿ ಕುಳಿತು ಊರೂರು ನೋಡುತ್ತ ಹೋಗುತ್ತಿದ್ದವು. ವಿಜಯಪುರದ ಬಸ್ ನಿಲ್ದಾಣದಲ್ಲಿ ನಿಂತು ಅವನ್ನು ಬೀಳ್ಕೊಡುವುದಷ್ಟೇ ನಮ್ಮ ಪಾಲಿಗಿತ್ತು.

ಈಗ ಮಗಳು ಪುಣೆಯಲ್ಲಿ, ಮಗ ಬೆಂಗಳೂರಿನಲ್ಲಿ. ಮನೆ ಖಾಲಿಯಾದ ಹೊತ್ತಿಗೇ, 2023ರ ಜೂನ್ 11ರಂದು, ಶಕ್ತಿ ಯೋಜನೆ ಬಂತು. ರಾಜ್ಯದೊಳಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಪುಕ್ಕಟೆ. ಅಂದಿನಿಂದ ನಮ್ಮ ಮನೆಯ ಪ್ರವಾಸ ಖಾತೆ ನನ್ನ ಕೈತಪ್ಪಿ ಹೆಂಡತಿಯ ಕೈಸೇರಿತು.

"ಸುಮ್ನ ಖರ್ಚು ಬರತದ" ಎಂದೆ, ಹಳೆಯ ಅಭ್ಯಾಸದಂತೆ.

"ಖರ್ಚು ನಿಮ್ಮದರೀ. ನೀವು ಮನ್ಯಾಗ ಇರ್ರಿ, ಅದೂ ಉಳಿತದ."

ಕಂಡಕ್ಟರ್ ಆಕೆಗೆ ಶೂನ್ಯದ ಟಿಕೀಟು ಕೊಟ್ಟು ನನ್ನ ಕಡೆ ಕೈ ಚಾಚುತ್ತಾನೆ. ಅರ್ಧ ಸೀಟು ಗಂಡಸರಿಗೆ ಮೀಸಲೆಂದು ಸರ್ಕಾರವೇನೋ ಹೇಳಿದೆ. ಆ ಸೀಟಿನಲ್ಲಿ ಕುಳಿತ ಅಕ್ಕನವರಿಗೆ ಅದನ್ನು ತಿಳಿಸುವ ಗಂಡಸು ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಬೇಕು.

ನನ್ನ ಮನಸ್ಸು ಕಾಶಿಯ ಕಡೆಗಿತ್ತು. ಆಕೆ ತಿಕೋಟಾ ಬಸ್ಸು ಹತ್ತಿಸಿದಳು.

"ತಿಕೋಟಾ ನಾ ನೋಡೀನಲ್ಲ? ಎಷ್ಟು ಲಗ್ನಕ್ಕ ಹೋಗೀನಿ!"

"ಊಟ ನೋಡೀರಿ. ಊರು ನೋಡಿಲ್ಲ."

ಬೇಸಿಗೆಯ ಮೊದಲ ಬಿಸಿಲು. ಒಣದ್ರಾಕ್ಷಿ ಶೆಡ್ಡುಗಳಲ್ಲಿ ಬಲೆಗಳ ಮೇಲೆ ಅಂತಸ್ತು ಅಂತಸ್ತಾಗಿ ದ್ರಾಕ್ಷಿ ಹರಡಿತ್ತು. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಎಂದ ರೈತ. ಹೆಂಡತಿ ನನ್ನ ಹೊಟ್ಟೆಯ ಕಡೆ ತಿರುಗಿದಳು. "ನೀವೂ ದಿನಾ ವಾಕಿಂಗ್ ಹೋಗ್ತೀರಿ, ಪಾವ್ ಕಿಲೋನೂ ಒಣಗಿಲ್ಲ ನೋಡ್ರಿ." ರೈತ ನಕ್ಕು ಆಕೆಗೆ ಒಂದು ಬೊಗಸೆ ಒಣದ್ರಾಕ್ಷಿ ಪುಕ್ಕಟೆ ಕೊಟ್ಟ. ನನಗೆ ತೂಗಿ ಕೊಟ್ಟ. ಶಕ್ತಿ ಯೋಜನೆ ಬಸ್ಸಿನಿಂದ ಇಳಿದು ಹೊಲಕ್ಕೂ ಬಂದಿತ್ತು.

ಮುಂದಿನ ಸರದಿ ಬಬಲೇಶ್ವರ ತಾಲ್ಲೂಕಿನ ಮಮದಾಪುರ ಕೆರೆ. ಮುಹಮ್ಮದ್ ಆದಿಲ್ ಶಾಹ ಕಟ್ಟಿಸಿದ್ದು. ಏರಿಯ ಮೇಲೆ ಕುಳಿತು, ಯಾರಿಗೂ ಕಳಿಸಬೇಕಿಲ್ಲದ ಬುತ್ತಿಯನ್ನು ನಾವೇ ಬಿಚ್ಚಿದೆವು. ಅಷ್ಟರಲ್ಲಿ ಪುಣೆಯಿಂದ ಫೋನು. "ಎಲ್ಲಿದ್ದೀರಿ? ಹೇಳದ ಕೇಳದ ಹಿಂಗ ಹೋಗೂದೇನು? ಎಷ್ಟೊತ್ತಿಗೆ ಮನೀ ಮುಟ್ಟತೀರಿ?" ಹತ್ತು ವರ್ಷ ಮಗಳಿಗೆ ನಾನು ಕೇಳಿದ್ದ ಪ್ರಶ್ನೆಗಳು ಬಡ್ಡಿಸಮೇತ ವಾಪಸ್ಸು ಬಂದವು.

ಇನ್ನು ಗೋಲಗುಂಬಜ. ಊರವರು ಅದನ್ನು ನೋಡುವುದು ಬೀಗರು ಬಂದಾಗ ಮಾತ್ರ. ಅದೂ ಹುಲ್ಲಿನ ಮೇಲೆ ಕುಳಿತು, "ನೀವು ಹತ್ತಿ ಬರ್ರಿ, ನಾವು ನೋಡೇವಿ" ಎಂದು ಅವರನ್ನು ಮೇಲಕ್ಕಟ್ಟುವುದು ಪದ್ಧತಿ. ಈ ಸಲ ನಾವೇ ನಮ್ಮ ಬೀಗರಾದೆವು. ಬಾಗಿಲಲ್ಲಿ ಇಬ್ಬರಿಗೂ ಟಿಕೀಟು ಎಂದಾಗ ನನಗೆ ಸಮಾನತೆಯ ಮೇಲೆ ಗೌರವ ಮೂಡಿತು. ಎರಡರ ದುಡ್ಡೂ ನನ್ನದೇ ಎಂಬುದು ಆಮೇಲೆ ಹೊಳೆಯಿತು.

ಒಳಗೆ ಅದೇ ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಪಕ್ಕದಲ್ಲಿ ಇಬ್ಬರು ಬೇಗಂ, ಪ್ರೇಯಸಿ ರಂಭಾ, ಮಗಳು, ಮೊಮ್ಮಗ.

"ಇವರ ಮನ್ಯಾಗ ಯಾರೂ ಪುಣೆ-ಬೆಂಗಳೂರಿಗೆ ಹೋಗಿಲ್ಲ ನೋಡ್ರಿ" ಎಂದಳು. "ನಮ್ಮವು ಹೋಗಿದ್ದ ಛಲೋ ಆತು."

ಪಿಸುಗುಟ್ಟುವ ಗ್ಯಾಲರಿಯಲ್ಲಿ ಆಕೆ ಒಂದು ಬದಿ, ನಾನು ಎದುರು ಬದಿ. ನಡುವೆ ಸುಮಾರು 38 ಮೀಟರ್. ಶಾಲೆಯ ಹುಡುಗರು ಇನ್ನೂ ಬಂದಿರಲಿಲ್ಲ. ಏನಾದರೂ ಮಧುರವಾಗಿ ಹೇಳೋಣವೆಂದು ನಾನು ಗೋಡೆಗೆ ಬಾಯಿ ಹಚ್ಚುವಷ್ಟರಲ್ಲಿ ಅತ್ತಲಿಂದ ಸ್ಪಷ್ಟವಾಗಿ ಕೇಳಿತು: "ಗ್ಯಾಸ್ ಬಂದ್ ಮಾಡೀರೇನ್ರೀ?" ಮನೆಯಲ್ಲಿ ಪಕ್ಕದ ಕೋಣೆಯಿಂದ ಕರೆದರೂ ನನಗೆ ಕೇಳಿಸದ ದನಿ ಅದು. ಆ ಕಾಲದವರ ಕಟ್ಟಡ ವಿದ್ಯೆಗೆ ಕೈಮುಗಿದೆ.

ಆದ್ದರಿಂದ ಓದುಗರಲ್ಲಿ ಒಂದು ಅರಿಕೆ. ಮಕ್ಕಳ ಪರೀಕ್ಷೆ ಮುಗಿಯಲೆಂದು ಕಾಯಬೇಡಿ, ಅಷ್ಟರಲ್ಲಿ ಮೊಣಕಾಲಿನ ಪರೀಕ್ಷೆ ಶುರುವಾಗಿರುತ್ತದೆ. ಕಾಶಿ ಎಲ್ಲಿಗೂ ಹೋಗುವುದಿಲ್ಲ. ಮೊದಲು ಹತ್ತಿರದ ತಾಲ್ಲೂಕಿನ ಬಸ್ಸು ಹತ್ತಿ. ಹೆಂಗಸರು ಆಧಾರ್ ಕಾರ್ಡು ಮರೆಯಬೇಡಿ, ಗಂಡಸರು ಚಿಲ್ಲರೆ ಮರೆಯಬೇಡಿ.