ರಟ್ಟಿನ ಮೇಲೊಂದು ಕೆಂಪು ಬೊಟ್ಟು

ದೊಡ್ಡನೆಕ್ಕುಂದಿಯಲ್ಲಿ ಆಟೋಮ್ಯಾಟಿಕ್ ಕಾರು ಕೊಳ್ಳುವುದು ಶೋಕಿಗಲ್ಲ, ಎಡಗಾಲಿನ ಮೇಲಿನ ಕರುಣೆಗೆ. ಮಾರತಹಳ್ಳಿ ಸೇತುವೆ ಮುಟ್ಟುವಷ್ಟರಲ್ಲಿ ಕ್ಲಚ್ ತುಳಿದೂ ತುಳಿದೂ ಕಾಲು ಮುದ್ದೆಯಾಗಿರುತ್ತದೆ.

ಮೊನ್ನೆ ಬೆಳಿಗ್ಗೆ ಕಾರಿನಡಿ ಕೆಂಪು ಕಲೆ. "ಯಾರೋ ಎಲೆಅಡಿಕೆ ಉಗಿದಿದ್ದಾರೆ ರೀ" ಅಂದಳು ಹೆಂಡತಿ. "ಎಸಿ ನೀರು ಬಿಡಿ" ಅಂದರು ಮೇಲಿನ ಮನೆಯ ಅಂಕಲ್. ಎಸಿ ನೀರಿಗೆ ಬಣ್ಣವೂ ಇಲ್ಲ, ಜಿಡ್ಡೂ ಇಲ್ಲ. ಓಡಿದ ಎಂಜಿನ್ ಆಯಿಲ್ ಆದರೆ ಕಂದು, ಕಪ್ಪು. ಕೆಂಪಗೆ ಜಿಡ್ಡುಜಿಡ್ಡಾಗಿದ್ದರೆ ಅನುಮಾನ ಗೇರ್‌ಬಾಕ್ಸಿನ ಮೇಲೆ. ಸುಟ್ಟ ವಾಸನೆಯೂ ಬಂದರೆ ಜೇಬಿಗೇ ಬೆಂಕಿ.

"ರಾತ್ರಿ ಕೆಳಗೊಂದು ರಟ್ಟು ಹಾಸಿ ಸಾರ್, ಎಲ್ಲಿಂದ ತೊಟ್ಟಿಕ್ಕುತ್ತೆ ಅಂತ ಗೊತ್ತಾಗುತ್ತೆ" ಅಂದ ಮೆಕ್ಯಾನಿಕ್. ಹಾಸಿದೆ. ಬೆಳಿಗ್ಗೆ ನೋಡಿದರೆ ರಟ್ಟಿನ ಮೇಲೆ ಬೀದಿನಾಯಿ! ಸಾಕ್ಷಿಯೆಲ್ಲ ಅದರ ಬೆನ್ನಿಗೆ ಕುಂಕುಮದಂತೆ ಹತ್ತಿತ್ತು.

ಕೊನೆಗೆ ಅಡಿಭಾಗ ಒರೆಸಿ, ಒಂದು ಸುತ್ತು ಓಡಿಸಿ, ಟಾರ್ಚ್ ಬಿಟ್ಟು ನೋಡಿದಾಗ ಗೇರ್‌ಬಾಕ್ಸಿನ ತಳದ ಪ್ಯಾನಿನ ಗ್ಯಾಸ್ಕೆಟ್ ಸಿಕ್ಕಿಬಿತ್ತು. ಕೂಲರ್ ಪೈಪು, ಆಕ್ಸಲ್ ಸೀಲು ನಿರ್ದೋಷಿಗಳೆಂದು ಖುಲಾಸೆಯಾದವು.

ಗ್ಯಾಸ್ಕೆಟ್ ಬದಲಾಯಿತು, ಸೋರಿಕೆ ನಿಂತಿತು. ನಾಯಿ ಮಾತ್ರ ಸಂಜೆಯಾದರೆ ನನ್ನ ಮುಖವನ್ನೇ ನೋಡುತ್ತದೆ: ಹಾಸಿಗೆ ಎಲ್ಲಿ?